ನಕ್ಷೆಯ ಹಸಿರು ಹಳದಿಯಾಗುವ ಮುನ್ನ

ದಿನಪತ್ರಿಕೆ ಕೈಗೆ ಬಂದಾಗ ನೀವು ಮೊದಲು ಯಾವ ಪುಟ ತೆರೆಯುತ್ತೀರಿ? ಕೆಲವರಿಗೆ ಮರಣ ವಾರ್ತೆ, ಕೆಲವರಿಗೆ ಚಿನ್ನದ ದರ, ಮಕ್ಕಳಿಗೆ ಕ್ರಿಕೆಟ್ಟು. ಟೆಂಡರು, ಹರಾಜು, ಹೆಸರು ಬದಲಾವಣೆಯ ಪ್ರಕಟಣೆಗಳಿರುವ ಪುಟವನ್ನು ಓದುವವರು ತೀರಾ ಕಡಿಮೆ. ಹೆಚ್ಚಿನ ಮನೆಗಳಲ್ಲಿ ಅದು ಅಡುಗೆ ಕೋಣೆಯ ಕಪಾಟಿಗೆ ಹಾಸುವ ಕಾಗದವಾಗುತ್ತದೆ. ಆದರೆ ನಿಮ್ಮ ಮಕ್ಕಳು ಎಲ್ಲಿ ಆಡಬೇಕು, ಮನೆಯ ಹಿರಿಯರು ಸಂಜೆ ಎಲ್ಲಿ ನಾಲ್ಕು ಹೆಜ್ಜೆ ನಡೆಯಬೇಕು ಎಂಬುದು ಕೆಲವೊಮ್ಮೆ ಅದೇ ಪುಟದ ಮೂಲೆಯಲ್ಲಿ ತೀರ್ಮಾನವಾಗುತ್ತಿರುತ್ತದೆ.

ಭೂ ಉಪಯೋಗ ಬದಲಾವಣೆಯ ಬಗ್ಗೆ ಸಾರ್ವಜನಿಕ ಪ್ರಕಟಣೆ ಎಂಬುದು ಅದರ ತಲೆಬರಹ. ಕೆಳಗೆ ಗ್ರಾಮ, ಹೋಬಳಿ, ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ವಲಯದಿಂದ ಯಾವ ವಲಯಕ್ಕೆ, ಆಕ್ಷೇಪಣೆ ಇದ್ದವರು ಎಷ್ಟು ದಿನದೊಳಗೆ ಬರೆದು ಕೊಡಬೇಕು, ಇಷ್ಟೇ. ಅಲ್ಲಿ ನಿಮ್ಮ ಬೀದಿಯ ಹೆಸರು ಇರುವುದಿಲ್ಲ. ಮಸೀದಿಯ ಹಿಂದಿನ ಬಯಲು ಎಂದಾಗಲಿ, ಹುಣಸೆ ಮರದ ಮೈದಾನ ಎಂದಾಗಲಿ ಬರೆದಿರುವುದಿಲ್ಲ. ಬರೀ ಸರ್ವೆ ನಂಬರು ನೋಡಿ ಇದು ನಮ್ಮ ಮಕ್ಕಳು ಆಡುವ ಜಾಗ ಎಂದು ಗುರುತಿಸಬಲ್ಲವರು ಮಹಲ್ಲಾದಲ್ಲಿ ಎಷ್ಟು ಮಂದಿ ಇದ್ದಾರೆ? ಜೆಸಿಬಿ ಬಂದು ನಿಂತ ದಿನ ಎಲ್ಲರೂ ಸೇರುತ್ತಾರೆ, ಕೂಗಾಡುತ್ತಾರೆ. ಆಗ ಕಚೇರಿಯಿಂದ ಬರುವ ಉತ್ತರ ಒಂದೇ: ಪತ್ರಿಕೆಯಲ್ಲಿ ಪ್ರಕಟಿಸಿದ್ದೆವು, ಆಗ ಯಾರೂ ಆಕ್ಷೇಪಿಸಲಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಆ ಉತ್ತರ ಸುಳ್ಳಲ್ಲ. ಆದ್ದರಿಂದಲೇ ಈ ವಿಷಯವನ್ನು ನಿಮ್ಮ ಮುಂದಿಡಬೇಕಾಗಿದೆ.

ಬಣ್ಣಗಳ ಭಾಷೆ

ನಗರಗಳಿಗೆ ಮಹಾಯೋಜನೆ ಎಂಬ ನಕ್ಷೆಯಿರುತ್ತದೆ. ಅದರಲ್ಲಿ ಮನೆಗಳ ಪ್ರದೇಶಕ್ಕೆ ಹಳದಿ, ಅಂಗಡಿ-ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ-ಆಸ್ಪತ್ರೆ-ಸರಕಾರಿ ಕಟ್ಟಡಗಳಿಗೆ ಕೆಂಪು, ಉದ್ಯಾನ ಮತ್ತು ಬಯಲಿಗೆ ಹಸಿರು. ಯಾವ ಜಾಗದಲ್ಲಿ ಏನು ಬರಬಹುದು, ಏನು ಬರಕೂಡದು ಎಂಬುದನ್ನು ಈ ಬಣ್ಣ ಹೇಳುತ್ತದೆ. ಬೆಂಗಳೂರಿಗೆ 2007ರಲ್ಲಿ ಮಂಜೂರಾದ 'ಪರಿಷ್ಕೃತ ಮಹಾಯೋಜನೆ 2015' ಇಂಥದ್ದೇ ಒಂದು ನಕ್ಷೆ. ನಿಮ್ಮ ಊರಿಗೂ ಒಂದು ಇರಬಹುದು. ಅದನ್ನು ನೀವು ಒಮ್ಮೆಯಾದರೂ ನೋಡಿದ್ದೀರಾ?

ಈ ಬಣ್ಣ ಶಾಶ್ವತವಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ವಿಧಿಯ ಪ್ರಕಾರ ಸರಕಾರದ ಒಪ್ಪಿಗೆಯಿಂದ ಅದನ್ನು ಬದಲಾಯಿಸಬಹುದು. ಆದರೆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಕಾನೂನುಗಳಿಗೆ ವಿರುದ್ಧವಾಗಿರಕೂಡದು, ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು ಎಂದು ಅದೇ ವಿಧಿ ಷರತ್ತು ಹಾಕಿದೆ. ಮೂಲೆಯ ಆ ಪುಟ್ಟ ಪ್ರಕಟಣೆ ಅಧಿಕಾರಿಗಳು ನಿಮಗೆ ಮಾಡುವ ಉಪಕಾರವಲ್ಲ, ಅದು ಅವರಿಗೆ ಕಡ್ಡಾಯ. ಹಾಗೆಯೇ ನಿಮ್ಮ ಆಕ್ಷೇಪಣೆಯೂ ಯಾರ ಮೇಲೂ ಮಾಡುವ ಜಗಳವಲ್ಲ. ಕಾನೂನೇ ನಿಮ್ಮನ್ನು ಕರೆದು ಕೇಳುತ್ತಿರುವ ಪ್ರಶ್ನೆಗೆ ನೀವು ಕೊಡುವ ಉತ್ತರ.

ಮುಸಲ್ಲಾದಷ್ಟೂ ಇಲ್ಲದ ಅಂಗಳ

ಒಂದು ಲೆಕ್ಕ ಹಾಕೋಣ. ನಿಮ್ಮ ಮಹಲ್ಲಾದ ಪಕ್ಕದಲ್ಲಿ 2 ಎಕರೆ ಬಯಲು ಇದೆ ಎಂದಿಟ್ಟುಕೊಳ್ಳಿ. ಅದು ಹಳೆಯ ಕಾರ್ಖಾನೆಯ ಜಾಗವಿರಬಹುದು, ಯಾವುದೋ ಸಂಸ್ಥೆಗೆ ಕಾದಿರಿಸಿದ ನೆಲವಿರಬಹುದು. ಅದನ್ನು ವಸತಿ ವಲಯವಾಗಿ ಬದಲಾಯಿಸಿ, ನಿವೇಶನದ ಮೂರು ಪಟ್ಟು ವಿಸ್ತೀರ್ಣದಷ್ಟು ಕಟ್ಟಡಕ್ಕೆ ಅನುಮತಿ ಕೊಟ್ಟರು ಎನ್ನಿ. ಎಫ್‌ಎಆರ್ 3 ಎಂದು ಬಿಲ್ಡರುಗಳು ಹೇಳುವುದು ಇದನ್ನೇ. 2 ಎಕರೆ ಎಂದರೆ 87,120 ಚದರ ಅಡಿ. ಅದರ ಮೂರು ಪಟ್ಟು 2,61,360. ತಲಾ 650 ಚದರ ಅಡಿಯಂತೆ ಸುಮಾರು 400 ಫ್ಲ್ಯಾಟುಗಳಾದವು. ಮನೆಗೆ ನಾಲ್ಕು ಮಂದಿಯಾದರೆ 1600 ಜನ.

ಇವರೆಲ್ಲರಿಗೆ ಬಯಲು ಎಷ್ಟು? ಕೇಂದ್ರ ಸರಕಾರದ ನಗರಾಭಿವೃದ್ಧಿ ಸಚಿವಾಲಯದ 2014ರ ಮಾರ್ಗಸೂಚಿಯು ನಗರದಲ್ಲಿ ಒಬ್ಬ ವ್ಯಕ್ತಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕು ಎನ್ನುತ್ತದೆ. 1600 ಜನಕ್ಕೆ ಕನಿಷ್ಠ 16,000 ಚದರ ಮೀಟರ್, ಅಂದರೆ ಹೆಚ್ಚು ಕಡಿಮೆ 4 ಎಕರೆ. ಇದು ಇಡೀ ನಗರದ ಉದ್ಯಾನಗಳನ್ನು ಸೇರಿಸಿ ಹೇಳುವ ಲೆಕ್ಕವೇ ಹೊರತು ಎಲ್ಲವೂ ಒಂದೇ ಕಾಂಪೌಂಡಿನೊಳಗೆ ಇರಬೇಕೆಂದಲ್ಲ, ನಿಜ. ಆದರೆ ಆ 2 ಎಕರೆಯಲ್ಲಿ ಹತ್ತನೇ ಒಂದು ಭಾಗವನ್ನು ಉದ್ಯಾನಕ್ಕೆ ಬಿಟ್ಟರೂ ಸಿಗುವುದು ಸುಮಾರು 800 ಚದರ ಮೀಟರ್. ತಲೆಗೆ ಅರ್ಧ ಚದರ ಮೀಟರ್! ನಿಮ್ಮ ಮನೆಯ ಮುಸಲ್ಲಾ ಅಳೆದು ನೋಡಿ, ಅದೂ ಇದಕ್ಕಿಂತ ದೊಡ್ಡದಿರುತ್ತದೆ. ಉಳಿದ ಬಯಲನ್ನು ಈ 1600 ಮಂದಿ ಎಲ್ಲಿ ಹುಡುಕಬೇಕು? ನಿಮ್ಮ ಮಹಲ್ಲಾದಲ್ಲಿ. ಅಲ್ಲಿ ಮೊದಲೇ ಇಲ್ಲ.

ಬಿಲ್ಡರರ ಬಣ್ಣದ ಕೈಪಿಡಿಯಲ್ಲಿ ಹಸಿರು ಧಾರಾಳವಾಗಿ ಕಾಣುತ್ತದೆ. ಸ್ವಲ್ಪ ಸೂಕ್ಷ್ಮವಾಗಿ ನೋಡಿ. ಕೆಲವೊಮ್ಮೆ ಅದು ಪಾರ್ಕಿಂಗ್ ಮಾಳಿಗೆಯ ಮೇಲೆ ಒಂದೆರಡು ಅಡಿ ಮಣ್ಣು ಹಾಕಿ ಬೆಳೆಸಿದ ಹುಲ್ಲು. ಅದರಲ್ಲಿ ಬೇವು ಬೆಳೆಯದು, ಹೊಂಗೆ ಬೆಳೆಯದು, ಮಳೆನೀರು ಇಂಗದು. ಕೆಲವೊಮ್ಮೆ ಅಗ್ನಿಶಾಮಕ ವಾಹನ ತಿರುಗಬೇಕಾದ ದಾರಿಗೇ ಹಸಿರು ಬಣ್ಣ ಬಳಿದಿರುತ್ತಾರೆ. ಗೇಟಿನೊಳಗಿನ ಹಸಿರಿಗೆ ಗೇಟಿನ ಹೊರಗಿನ ಮಗು ಕಾಲಿಡುವಂತೆಯೂ ಇಲ್ಲ.

ಶಿವಾಜಿನಗರ, ಗೋರಿಪಾಳ್ಯ, ಪಾದರಾಯನಪುರ, ದೇವರಜೀವನಹಳ್ಳಿ ಮುಂತಾದ ಕಡೆ ಒಮ್ಮೆ ಸಂಜೆ ಹೊತ್ತು ನಡೆದು ನೋಡಿ. ಗಂಡುಮಕ್ಕಳು ಆಟೋ, ಸ್ಕೂಟರುಗಳ ನಡುವೆ ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಿರುತ್ತಾರೆ. ಗಂಡಸರಿಗೆ ಚಹಾದಂಗಡಿಯಿದೆ, ಮಸೀದಿಯ ಜಗಲಿಯಿದೆ. ಹನ್ನೆರಡು ದಾಟಿದ ಹುಡುಗಿಗೆ ಏನಿದೆ? ಮಗುವನ್ನು ಎತ್ತಿಕೊಂಡ ತಾಯಿಗೆ? ಸಕ್ಕರೆ ಕಾಯಿಲೆಗೆ ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ ಅಜ್ಜಿಗೆ? ಇವರೆಲ್ಲ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಸುತ್ತ ತಿರುಗುತ್ತಾರೆ. ಪಕ್ಕದಲ್ಲಿ ಹದಿನೈದು ಮಾಳಿಗೆ ಎದ್ದು ನಿಂತ ಮೇಲೆ ನೂರು ಕಿಟಕಿಗಳು ಆ ತಾರಸಿಯನ್ನು ನೋಡುತ್ತವೆ. ಆಗ ಅದೂ ಹೋಯಿತು. ಬಯಲಿನ ಪ್ರಶ್ನೆಯನ್ನು ಪರಿಸರವಾದಿಗಳ ಹವ್ಯಾಸ ಎಂದುಕೊಳ್ಳುವವರು ಒಮ್ಮೆ ಮನೆಯ ಹೆಣ್ಣುಮಕ್ಕಳನ್ನು ಕೇಳಿ ನೋಡಲಿ.

ಒಂದು ಈದ್‌ನ ದಿನ ಅಬಿಸೀನಿಯದವರು ಮಸೀದಿಯ ಆವರಣದಲ್ಲಿ ಈಟಿ ಹಿಡಿದು ಆಟವಾಡುತ್ತಿದ್ದರು. ಪ್ರವಾದಿ(ಸ)ರು ಹ. ಆಯಿಶಾ(ರ)ರಿಗೆ ತಮ್ಮ ಹೆಗಲ ಮರೆಯಿಂದ ಅದನ್ನು ತೋರಿಸಿದರು, ಸಾಕು ಎನ್ನುವವರೆಗೂ ನಿಂತೇ ಇದ್ದರು. ಬುಖಾರಿಯಲ್ಲಿ ಈ ಘಟನೆ ಇದೆ. ಆಡುವವರಿಗೆ ಅಂಗಳವೂ ನೋಡುವವಳಿಗೆ ಜಾಗವೂ ಇದ್ದ ಮದೀನಾ ಅದು.

ಬಡವರ ಕೇರಿಗಳ ಮರಗಳನ್ನು ಎಣಿಸಿದವರೂ ಇದ್ದಾರೆ. ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ನಗರದ ಕೊಳೆಗೇರಿಗಳಲ್ಲಿ ಹೆಕ್ಟೇರಿಗೆ 11 ಮರಗಳು ಕಂಡುಬಂದವು. ಉಳಿದ ವಸತಿ ಪ್ರದೇಶಗಳಲ್ಲಿ 28. ಆ ಕೇರಿಗಳಲ್ಲಿ ಹೆಚ್ಚಾಗಿ ಸಿಕ್ಕ ಮರಗಳಲ್ಲೊಂದು ನುಗ್ಗೆ. ಸೊಪ್ಪು, ಕಾಯಿ ಎರಡೂ ಸಾರಿಗೆ ಬರುತ್ತದಲ್ಲ! ನೆಲ ಸಿಗದವರು ಒಡೆದ ಬಕೆಟ್ಟಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಗಿಡ ಬೆಳೆಸಿಕೊಂಡಿದ್ದರು. ಹಸಿರು ಎಂಬುದು ಹೊಟ್ಟೆ ತುಂಬಿದವರ ಬಯಕೆ ಎನ್ನುವವರಿಗೆ ಆ ಬಕೆಟ್ಟುಗಳೇ ಉತ್ತರ ಕೊಡುತ್ತವೆ.

ಹಾಗಾದರೆ ಮನೆ ಬೇಡವೇ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ತಪ್ಪಿಸಿಕೊಂಡು ಮುಂದೆ ಹೋಗಬಾರದು. ನಮ್ಮವರಿಗೆ ಮನೆ ಸಿಗುವುದೇ ಕಷ್ಟ. ಹೆಸರು ಕೇಳಿದೊಡನೆ ಬಾಡಿಗೆಗಿಲ್ಲ ಎಂದು ಬಾಗಿಲು ಹಾಕಿದ ಅನುಭವ ಇದನ್ನು ಓದುವ ಎಷ್ಟೋ ಮನೆಗಳಲ್ಲಿದೆ. ಮದುವೆಯಾದ ಇಬ್ಬರು ಗಂಡುಮಕ್ಕಳು ಒಂದೇ ಕೋಣೆಗೆ ಪರದೆ ಕಟ್ಟಿಕೊಂಡು ಸಂಸಾರ ಮಾಡುವ ಮನೆಗಳಿವೆ. ಹೀಗಿರುವಾಗ 400 ಮನೆ ಬರುತ್ತದೆ ಎಂದರೆ ಬೇಡ ಎನ್ನುವುದು ಹೇಗೆ?

ಬೇಡ ಎನ್ನಬೇಕಾಗಿಲ್ಲ. ಎತ್ತರದ ಕಟ್ಟಡವೂ ಪಾಪವಲ್ಲ, ಹೆಚ್ಚು ಜನ ಸೇರಿ ಬದುಕುವುದೂ ತಪ್ಪಲ್ಲ. ಮಾಳಿಗೆ ಏರಿಸಿದರೆ ಕೆಳಗೆ ನೆಲ ಉಳಿಯಬೇಕು, ಅದು ಎತ್ತರ ಕಟ್ಟುವುದರ ಲಾಭ. ಎತ್ತರವನ್ನೂ ಏರಿಸಿ ನೆಲವನ್ನೂ ನುಂಗಿದರೆ ಆ ಲಾಭ ಹೋಗುವುದು ಒಬ್ಬನ ಕಿಸೆಗೆ. ನಾವು ಆಕ್ಷೇಪಿಸಬೇಕಾದುದು ಅದನ್ನು. 400ರ ಬದಲು 250 ಮನೆ ಬರಲಿ, ಅರ್ಧ ಎಕರೆ ನಿಜವಾದ ನೆಲ ಉಳಿಯಲಿ, ಅದು ಗೇಟಿನೊಳಗೆ ಸೇರದೆ ರಸ್ತೆಯ ಕಡೆ ತೆರೆದಿರಲಿ, ಒಂದಷ್ಟು ಮನೆಗಳು ಬಡವರ ಕೈಗೆ ಎಟಕುವ ಬೆಲೆಯಲ್ಲಿರಲಿ. ಹೀಗೆ ಕೇಳುವವನನ್ನು ಯಾರೂ ಅಭಿವೃದ್ಧಿ ವಿರೋಧಿ ಎನ್ನಲಾರರು.

ಇನ್ನೊಂದು ಬಗೆಯ ಆಕ್ಷೇಪಣೆಯೂ ಇದೆ. ಅನುಕೂಲಸ್ಥ ಬಡಾವಣೆಗಳಲ್ಲಿ ಕೆಲವರು ಬಡವರ ವಸತಿ ಬರುವುದನ್ನು ತಡೆಯಲು ಉದ್ಯಾನದ ಹೆಸರು ಹೇಳುತ್ತಾರೆ. ವಾಹನ ದಟ್ಟಣೆ, ವಾತಾವರಣ ಕೆಡುತ್ತದೆ ಎಂಬ ಮಾತುಗಳ ಹಿಂದೆ ಅಂಥವರು ನಮಗೆ ನೆರೆಯವರಾಗುವುದು ಬೇಡ ಎಂಬ ಭಾವ ಅಡಗಿರುತ್ತದೆ. ಅಂಥ ಕಾಗದ ನಿಮ್ಮ ಬಳಿಗೆ ಬಂದರೆ ಸಹಿ ಹಾಕಬೇಡಿ. ಇಂದು ಇನ್ನೊಬ್ಬರ ಮೇಲೆ ಮುಚ್ಚುವ ಬಾಗಿಲು ನಾಳೆ ನಿಮ್ಮ ಮಗಳ ಮೇಲೆ ಮುಚ್ಚುತ್ತದೆ.

ಕೆರೆ ದಂಡೆಯ ಒಂದು ತುಂಡು ನೆಲ

ಸಾಮಾನ್ಯರು ಬರೆದ ಆಕ್ಷೇಪಣೆಗೆ ಬೆಲೆಯಿದೆಯೇ ಎಂದು ಕೇಳುವವರಿಗೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ಸ್ಯಾಂಕಿ ಕೆರೆಯ ಬಳಿ ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಒಂದು ಜಾಗವನ್ನು ತೆರೆದ ಬಯಲಾಗಿ ಕಾದಿರಿಸಲಾಗಿತ್ತು. 1976ರಲ್ಲಿ ಮುಖ್ಯಮಂತ್ರಿಯ ಸೂಚನೆಯಂತೆ ಅದನ್ನು ನಾಗರಿಕ ಸೌಲಭ್ಯದ ನಿವೇಶನವೆಂದು ಬದಲಾಯಿಸಿ ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಅಲ್ಲಿಗೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಅವರು ಮೇಲ್ಮನವಿ ಸಲ್ಲಿಸಿದರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಮ್ ಕೋರ್ಟಿಗೆ ಹೋಯಿತು. 1991ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು.

ಆಸ್ಪತ್ರೆಯೂ ಒಳ್ಳೆಯ ಕೆಲಸವಲ್ಲವೇ ಎಂದು ನಿಮಗನಿಸಬಹುದು. ಟ್ರಸ್ಟಿನ ವಾದವೂ ಅದೇ ಆಗಿತ್ತು. ಖಾಸಗಿ ನರ್ಸಿಂಗ್ ಹೋಮು ಸಾರ್ವಜನಿಕ ಉದ್ಯಾನಕ್ಕೆ ಬದಲಿಯಾಗದು ಎಂದಿತು ಕೋರ್ಟು. ಹಿಂದೆ ಉದ್ಯಾನವೆಂಬುದು ಅರಸರ, ಶ್ರೀಮಂತರ ವಿಲಾಸವಾಗಿತ್ತು, ಈಗ ಅದು ಜನ ತಮಗೆ ತಾವೇ ಕೊಟ್ಟುಕೊಂಡ ಕೊಡುಗೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಹೈದರಲಿ 1760ರಲ್ಲಿ ಹಾಕಿಸಿದ ಲಾಲ್‌ಬಾಗ್‌ನಲ್ಲಿ ಇಂದು ಯಾರು ಬೇಕಾದರೂ ಚಾಪೆ ಹಾಸಿ ಕೂರಬಹುದು ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ಬಡಾವಣೆಯ ನಿವಾಸಿಗಳೇ ನೇರವಾಗಿ ನೋವುಂಡವರು, ಆದ್ದರಿಂದ ಪ್ರಶ್ನಿಸುವ ಹಕ್ಕು ಅವರಿಗಿದೆ ಎಂಬುದನ್ನೂ ಆ ತೀರ್ಪು ಸ್ಪಷ್ಟಪಡಿಸಿತು. ನಿನಗೇನು ಸಂಬಂಧ ಎಂದು ಕಚೇರಿಯಲ್ಲಿ ಯಾರಾದರೂ ಗದರಿಸಿದರೆ ಈ ಪ್ರಕರಣವನ್ನು ನೆನಪಿಟ್ಟುಕೊಳ್ಳಿ.

ಬಿಡಿಎ ಕಾಯ್ದೆಯ 38-ಎ ವಿಧಿಯೂ ಇದೆ. ಉದ್ಯಾನ, ಆಟದ ಮೈದಾನಕ್ಕೆಂದು ಕಾದಿರಿಸಿದ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ, ಕೊಟ್ಟರೆ ಅದು ಅಸಿಂಧು. ಬಿಡಿಎ ಬಡಾವಣೆಗಳಲ್ಲಿ ನೂರಕ್ಕೆ 15 ಭಾಗ ಉದ್ಯಾನ ಮತ್ತು ಮೈದಾನಕ್ಕೆ, ಅದರ ಮೇಲೆ ಇನ್ನೂ 10 ಭಾಗ ನಾಗರಿಕ ಸೌಲಭ್ಯಕ್ಕೆ ಬಿಡಬೇಕೆಂದು ಅದೇ ಕಾಯ್ದೆಯ 16ನೇ ವಿಧಿ ಹೇಳುತ್ತದೆ. ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣೆಯ 1985ರ ಕಾಯ್ದೆಯೊಂದಿದೆ. ಕಾನೂನಿನ ಕೊರತೆ ನಮಗಿಲ್ಲ.

ಒಂದು ಪದ ತಿಂದ ಎಕರೆಗಳು

ಆದರೆ ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳ ಒಂದು ಕಾಲು ಮುಂಬೈಯಲ್ಲಿದೆ. ಅಲ್ಲಿನ ಗಿರಣಿಗಳ ನೆಲದ ಕಥೆಯನ್ನೂ ಕೇಳಿ.

ನಗರದ ನಡುವೆ ಸುಮಾರು 600 ಎಕರೆ ಬಟ್ಟೆ ಗಿರಣಿಗಳ ಜಾಗವಿತ್ತು. 1982ರ ಮಹಾ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಆ ನೆಲವನ್ನು ಹೊಸದಾಗಿ ಅಭಿವೃದ್ಧಿಪಡಿಸುವುದಾದರೆ ಸುಮಾರು ಮೂರರಲ್ಲಿ ಒಂದು ಪಾಲು ಉದ್ಯಾನ ಮತ್ತು ಬಯಲಿಗಾಗಿ ನಗರಪಾಲಿಕೆಗೆ, ಮತ್ತೊಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲಕರಿಗೆ ಎಂದು 1991ರಲ್ಲಿ ನಿಯಮವಾಯಿತು. ಎಷ್ಟು ಚಂದದ ನಿಯಮ! ಆದರೆ 2001ರಲ್ಲಿ ಅದನ್ನು ತಿದ್ದಲಾಯಿತು. ಹಂಚಬೇಕಾದುದು ಇಡೀ ಗಿರಣಿಯ ನೆಲವನ್ನಲ್ಲ, ಕಟ್ಟಡಗಳಿಲ್ಲದೆ ಖಾಲಿಯಿದ್ದ ನೆಲವನ್ನು ಮಾತ್ರ ಎಂದಾಯಿತು. ಇದರ ಅರ್ಥವೇನೆಂದು ಉದಾಹರಣೆಯಿಂದ ನೋಡಿ. ಒಂದು ಗಿರಣಿಗೆ 30 ಎಕರೆ, ಅದರಲ್ಲಿ 24 ಎಕರೆಯಲ್ಲಿ ಹಳೆಯ ಶೆಡ್ಡುಗಳು. ಮೊದಲಿನ ನಿಯಮದಲ್ಲಿ ಜನರಿಗೆ 10 ಎಕರೆ ಬಯಲು ಸಿಗುತ್ತಿತ್ತು. ತಿದ್ದಿದ ನಿಯಮದಲ್ಲಿ ಖಾಲಿಯಿದ್ದ 6 ಎಕರೆಯ ಮೂರನೇ ಒಂದು ಪಾಲು, ಕೇವಲ 2 ಎಕರೆ. ಶೆಡ್ಡುಗಳನ್ನು ಕೆಡವಿದ ಮೇಲೆ ಸಿಗುವ 24 ಎಕರೆ ಹಂಚಿಕೆಯ ಲೆಕ್ಕಕ್ಕೇ ಬಾರದು.

ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ಸಂಘಟನೆ ಹೈಕೋರ್ಟಿಗೆ ಹೋಗಿ 2005ರಲ್ಲಿ ಗೆದ್ದಿತು. 2006ರ ಮಾರ್ಚಿನಲ್ಲಿ ಸುಪ್ರೀಮ್ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ 2001ರ ನಿಯಮವನ್ನೇ ಎತ್ತಿಹಿಡಿಯಿತು. ಗಿರಣಿಗಳ ಜಾಗದಲ್ಲಿ ಕಚೇರಿ ಗೋಪುರಗಳು, ಮಾಲುಗಳು, ಐಷಾರಾಮಿ ಫ್ಲ್ಯಾಟುಗಳು ಎದ್ದವು. ರಸ್ತೆ, ರೈಲು ನಿಲ್ದಾಣ, ಮೇಲ್ಸೇತುವೆಗಳು ಮಾತ್ರ ಗಿರಣಿ ಕಾಲದವೇ ಉಳಿದವು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಅದೇ ಪ್ರದೇಶದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯಲ್ಲಿ ಮಳೆಗೆ ನಿಂತ ಜನಸಂದಣಿಯಲ್ಲಿ ಕಾಲ್ತುಳಿತವಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನಿಯಮದ ತಿದ್ದುಪಡಿಯೇ ಅವರನ್ನು ಕೊಂದಿತು ಎನ್ನುವುದು ಸರಿಯಲ್ಲ. ಆದರೆ ಒಂದು ಪ್ರದೇಶಕ್ಕೆ ಜನರನ್ನು ಸುರಿಯುವಾಗ ಅವರು ನಿಲ್ಲುವುದೆಲ್ಲಿ, ನಡೆಯುವುದೆಲ್ಲಿ ಎಂದು ಕೇಳದಿದ್ದರೆ ಏನಾಗುತ್ತದೆಂಬುದು ಅಂದು ಕಣ್ಣಿಗೆ ಕಂಡಿತು.

ಹಿಮಾ ಎಂಬ ಪದ್ಧತಿ

ಸಸಿ ನೆಡುವ ಬಗ್ಗೆ ಇರುವ ಹದೀಸನ್ನು ವನಮಹೋತ್ಸವದ ದಿನ ಎಲ್ಲರೂ ಹೇಳುತ್ತಾರೆ. ಹಿಮಾದ ಬಗ್ಗೆ ಮಾತಾಡುವವರು ಕಡಿಮೆ. ಅಜ್ಞಾನ ಕಾಲದ ಅರೇಬಿಯದಲ್ಲಿ ಪ್ರಬಲ ಮುಖಂಡನೊಬ್ಬ ಹುಲ್ಲುಗಾವಲಿಗೆ ಬಂದರೆ ಎತ್ತರದಲ್ಲಿ ನಾಯಿಯನ್ನು ಬೊಗಳಿಸುತ್ತಿದ್ದನಂತೆ. ಆ ಸದ್ದು ಕೇಳಿಸುವಷ್ಟು ದೂರದ ನೆಲವೆಲ್ಲ ಅವನದು, ಬೇರೆಯವರ ಜಾನುವಾರು ಅಲ್ಲಿಗೆ ಬರುವಂತಿಲ್ಲ. ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ಪ್ರವಾದಿ(ಸ)ರು ಈ ಖಾಸಗಿ ಹಿಮಾವನ್ನು ರದ್ದುಪಡಿಸಿದರು. ಅಲ್ಲಾಹ್ ಮತ್ತು ಅವನ ರಸೂಲರ ಹೆಸರಿನಲ್ಲಿ, ಅಂದರೆ ಸಾರ್ವಜನಿಕ ಅಗತ್ಯಕ್ಕಾಗಿ ಮಾತ್ರ ನೆಲವನ್ನು ಕಾದಿರಿಸಬಹುದು ಎಂದಾಯಿತು. ಮದೀನಾದ ಎರಡು ಕಲ್ಲುಬಯಲುಗಳ ನಡುವಿನ ಪ್ರದೇಶವನ್ನು ಹರಮ್ ಎಂದು ಸಾರಿ ಅಲ್ಲಿ ಮರ ಕಡಿಯುವುದನ್ನು ನಿಷೇಧಿಸಿದರು. ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂದೂ ತೀರ್ಮಾನ ಕೊಟ್ಟರು. ಪೇಟೆಯ ನಿಯಮಗಳೆಂದರೆ ದೀನಿಗೆ ಸಂಬಂಧವಿಲ್ಲದ ವಿಷಯ ಎನ್ನುವವರು ಈ ಏಳು ಮೊಳದ ಬಗ್ಗೆ ಯೋಚಿಸಲಿ.

ಹ. ಉಮರ್(ರ) ಖಲೀಫರಾಗಿದ್ದಾಗ ಸಾರ್ವಜನಿಕ ಹುಲ್ಲುಗಾವಲಿಗೆ ಹುನೈ ಎಂಬ ತಮ್ಮ ವಿಮೋಚಿತ ಸೇವಕನನ್ನು ಕಾವಲಿಗೆ ನೇಮಿಸಿದರು. ಅವನಿಗೆ ಕೊಟ್ಟ ಆದೇಶ ಬುಖಾರಿಯಲ್ಲಿ ದಾಖಲಾಗಿದೆ. ಮರ್ದಿತನ ಮೊರೆಗೆ ಅಂಜು, ಕೆಲವೇ ಒಂಟೆ, ಕೆಲವೇ ಆಡು-ಕುರಿ ಇರುವವನನ್ನು ಒಳಗೆ ಬಿಡು, ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರ ಹಿಂಡುಗಳನ್ನು ದೂರವಿಡು ಎಂಬುದು ಅದರ ತಿರುಳು. ಅವರಿಬ್ಬರೂ ಶ್ರೇಷ್ಠ ಸಹಾಬಿಗಳು, ಜೊತೆಗೆ ಶ್ರೀಮಂತರು. ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ನಾಲ್ಕು ಆಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೆ ಬರಬೇಕಾಗುತ್ತದೆ. ಅಷ್ಟೇ ಅಲ್ಲ, ಈ ನೆಲ ಜನರದೇ, ಅದನ್ನು ಕಾದಿರಿಸಿದ್ದಕ್ಕೆ ನಾನು ಅನ್ಯಾಯ ಮಾಡಿದೆನೆಂದು ಅವರು ಭಾವಿಸಬಹುದು ಎಂಬ ಅಳುಕನ್ನೂ ಅವರು ತೋಡಿಕೊಂಡರು. ತೋಟವಿರುವವನಿಗೂ ಇಲ್ಲದವನಿಗೂ ಸಾರ್ವಜನಿಕ ಬಯಲು ಒಂದೇ ಅಲ್ಲ ಎಂಬ ಆ ತಿಳುವಳಿಕೆಯನ್ನು ಇಂದಿನ ಯೋಜನಾ ಪ್ರಾಧಿಕಾರಗಳಲ್ಲಿ ಕಾಣುವುದು ಕಷ್ಟ. ಕ್ಲಬ್ಬಿನ ಸದಸ್ಯತ್ವ ಇದ್ದವನಿಗೆ ಮೈದಾನ ಹೋದರೂ ಈಜುಕೊಳ ಉಳಿಯುತ್ತದೆ. ನಿಮ್ಮ ಓಣಿಯ ಮಗುವಿಗೆ?

ಪೆನ್ನು ಹಿಡಿಯಿರಿ

ಆಕ್ಷೇಪಣೆ ಬರೆಯಲು ವಕೀಲರೇ ಬೇಕೆಂದಿಲ್ಲ, ಕನ್ನಡದಲ್ಲೇ ಬರೆಯಬಹುದು. ಪ್ರಕಟಣೆ ಬಂದ ಪತ್ರಿಕೆಯ ಹೆಸರು, ದಿನಾಂಕ, ಸರ್ವೆ ನಂಬರನ್ನು ಮೇಲೆ ನಮೂದಿಸಿ. ಕೆಳಗೆ ನಿಮ್ಮ ಮನೆ ಆ ಜಾಗಕ್ಕೆ ಎಷ್ಟು ದೂರ, ಎಷ್ಟು ವರ್ಷದಿಂದ ಅಲ್ಲಿದ್ದೀರಿ ಎಂದು ಹೇಳಿ. ಆಮೇಲೆ ಗೋಳು ತೋಡಿಕೊಳ್ಳಬೇಡಿ, ಪ್ರಶ್ನೆ ಕೇಳಿ. ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಯಾವುದು? ಎಷ್ಟು ಮನೆ, ಎಷ್ಟು ಜನ ಬರುತ್ತಾರೆ? ಒಂದು ಕಿಲೋಮೀಟರಿನೊಳಗೆ ಈಗ ಎಷ್ಟು ಉದ್ಯಾನವಿದೆ, ಎಷ್ಟು ಜನಕ್ಕೆ? ಎದುರಿನ ರಸ್ತೆಯ ಅಗಲವೆಷ್ಟು? ಹೆಚ್ಚುವರಿ ಜನರ ಒಳಚರಂಡಿ, ಕುಡಿಯುವ ನೀರು ಎಲ್ಲಿಂದ? ಮಳೆನೀರು ಹರಿಯುವ ರಾಜಕಾಲುವೆ ಆ ಜಾಗದಲ್ಲಿದೆಯೇ? ತೋರಿಸಿದ ಹಸಿರು ನೆಲದ ಮೇಲೋ, ಮಾಳಿಗೆಯ ಮೇಲೋ? ಕೊನೆಯಲ್ಲಿ ನಿಮ್ಮ ಬೇಡಿಕೆ ಬರೆಯಿರಿ: ಬದಲಾವಣೆ ಬೇಡ, ಇಲ್ಲವೇ ಇಷ್ಟು ನೆಲವನ್ನು ಸಾರ್ವಜನಿಕ ಉದ್ಯಾನವಾಗಿ ಬಿಟ್ಟುಕೊಡುವ ಷರತ್ತಿನ ಮೇಲೆ ಮಾತ್ರ. ಖುದ್ದಾಗಿ ಮಾತಾಡಲು ಅವಕಾಶ ಕೊಡಿ ಎಂದೂ ಕೇಳಿ.

ನೂರು ಸಹಿಗಳ ಒಂದು ಮನವಿಗಿಂತ ನೂರು ಮನೆಗಳ ನೂರು ಪತ್ರಗಳು ಮೇಲು. ಒಂದು ಪತ್ರ ಕಡತದಲ್ಲಿ ಒಂದೇ ಆಕ್ಷೇಪಣೆಯಾಗಿ ಎಣಿಕೆಯಾಗುವ ಸಂಭವವಿದೆ. 2017ರಲ್ಲಿ ಬೆಂಗಳೂರಿನ 2031ರ ಕರಡು ಮಹಾಯೋಜನೆ ಪ್ರಕಟವಾದಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಆ ಕರಡು ಜಾರಿಯಾಗಲೇ ಇಲ್ಲ, ಸರಕಾರ ಅದನ್ನು ಹಿಂತೆಗೆದುಕೊಂಡಿತು. ಹೆಂಗಸರು ಪ್ರತ್ಯೇಕವಾಗಿ ಬರೆಯಲಿ. ತಾರಸಿಯ ವಿಷಯವನ್ನು, ಹುಡುಗಿಯರ ಆಟದ ವಿಷಯವನ್ನು ಗಂಡಸರು ಬರೆಯುವುದಿಲ್ಲ. ಅವರಿಗೆ ಅದು ಹೊಳೆಯುವುದೂ ಇಲ್ಲ.

ಕಡತ ನೋಡಲು 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳೊಳಗೆ ಕೇಳಬೇಕು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ ಅಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದುಹೋಗಬಹುದು. ಆದ್ದರಿಂದ ಮಾಹಿತಿಗಾಗಿ ಕಾಯುತ್ತ ಕೂರಬೇಡಿ. ಮೊದಲು ಆಕ್ಷೇಪಣೆ ಕೊಟ್ಟುಬಿಡಿ, ಮಾಹಿತಿ ಬಂದ ಮೇಲೆ ಹೆಚ್ಚುವರಿ ಪತ್ರ ಕೊಡಬಹುದು.

ಜಮಾಅತ್ ಕಮಿಟಿಯವರಿಗೂ ಇದರಲ್ಲಿ ಕೆಲಸವಿದೆ. ಪತ್ರಿಕೆಯ ಆ ಪುಟವನ್ನು ದಿನಾ ನೋಡಲು ಒಬ್ಬ ಕಾಲೇಜು ಹುಡುಗನನ್ನೋ ಹುಡುಗಿಯನ್ನೋ ಗೊತ್ತುಮಾಡಿ. ಮಹಲ್ಲಾದ ಸುತ್ತಲಿನ ಖಾಲಿ ಜಾಗಗಳ ಸರ್ವೆ ನಂಬರುಗಳ ಪಟ್ಟಿ ಮಸೀದಿಯ ಕಚೇರಿಯಲ್ಲಿರಲಿ. ಪ್ರಕಟಣೆ ಬಂದರೆ ಜುಮಾದ ನಂತರ ಎರಡು ನಿಮಿಷ ತಿಳಿಸಿ, ಹೆಂಗಸರ ಸಭೆಯಲ್ಲೂ ಓದಿ ಹೇಳಿ. ಬಯಲು ಒಂದು ಸಮುದಾಯದ್ದಲ್ಲ, ದೇವಸ್ಥಾನದ ಸಮಿತಿಯವರನ್ನೂ ಚರ್ಚಿನವರನ್ನೂ ಶಾಲೆಯ ಶಿಕ್ಷಕರನ್ನೂ ಕರೆಯಿರಿ.

ಜೊತೆಗೆ ನಾವೂ ಆ ತಪ್ಪು ಮಾಡಬಾರದು. ಉದ್ಯಾನದ ಜಾಗದಲ್ಲಿ ಶಾದಿ ಮಹಲ್ ಕೊಡಿ ಎಂದು ರಾಜಕಾರಣಿಗಳ ಬಳಿಗೆ ಹೋಗುವುದು ಬೇಡ. ಹರಿಯಾಣದ ಥಾನೇಸರದಲ್ಲಿ ತೆರೆದ ಜಾಗವಾಗಿ ಕಾದಿರಿಸಿದ ನೆಲವನ್ನು ಧರ್ಮಶಾಲೆ ಕಟ್ಟಲು ಒಂದು ಸಭೆಗೆ ಗುತ್ತಿಗೆ ಕೊಟ್ಟಿದ್ದರು. 1994ರಲ್ಲಿ ಸುಪ್ರೀಮ್ ಕೋರ್ಟು ಆ ಗುತ್ತಿಗೆಯನ್ನು ಒಪ್ಪಲಿಲ್ಲ, ಕಟ್ಟಿದ್ದನ್ನು ಕೆಡವಲು ಹೇಳಿತು. ಉದ್ದೇಶ ಎಷ್ಟೇ ಪುಣ್ಯದ್ದಾಗಿರಲಿ, ಮಕ್ಕಳ ಬಯಲು ಅದಕ್ಕೆ ಸಿಗದು.

ಪತ್ರವನ್ನು ಎರಡು ಪ್ರತಿ ಮಾಡಿ. ಒಂದನ್ನು ಪ್ರಾಧಿಕಾರದ ಆವಕ ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಎಂದರೆ ಅಂಚೆ ಕಚೇರಿಗೆ ಹೋಗಿ ಸ್ವೀಕೃತಿಯೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿಯನ್ನು ಮನೆಯ ಪಟ್ಟಾ, ಖಾತೆ ಪತ್ರಗಳ ಜೊತೆ ಇಡಿ. ಮುಂದೆ ಎಂದಾದರೂ ವಿಷಯ ಹೈಕೋರ್ಟಿಗೆ ಹೋದರೆ, ನೀವು ಆಗಲೇ ಆಕ್ಷೇಪಿಸಿದ್ದಿರಿ ಎನ್ನಲು ಆ ಮೊಹರು ಬಿದ್ದ ಪ್ರತಿಯೇ ಸಾಕ್ಷಿ.